ಹದಿನೇಳನೇ ನಂಬರಿನ ಹಾಜರಿ

"ಹೆಸರ ಹೊಡದ ಹಾಕ್ರಿ ಅಂದ್ರ ಹೊಡದ ಹಾಕ್ರಿ! ಸತ್ತೋರ್ನೂ ದುಡಿಸ್ಕೋತೀರೇನ ನೀವು? ಹೊಟ್ಟಿಗಿ ಅನ್ನ ತಿಂತೀರೋ, ಹೇಲು ತಿಂತೀರೋ?"

"ದನಿ ತಗ್ಗಿಸು ನಾಗವ್ವ. ಇದು ಶಾಲೆ, ನಿಮ್ಮ ಝೋಪಡಪಟ್ಟಿ ಅಲ್ಲ."

"ತಗ್ಗಸಂಗಿಲ್ರಿ. ನನ್ನ ಮಮ್ಮಗಳು ಸತ್ತು ಎರಡ ತಿಂಗಳಾತು. ಇನ್ನೂ ದಿನಾ ಹಾಜರ್ ಅಂತ ಬರೀತೀರಿ. ಎಲ್ಲಿ ಹಾಜರ್ ಅದಾಳ ತೋರಸ್ರಿ ನನಗ! ಬೆಂಚಿನ ಮ್ಯಾಲ ಅದಾಳೋ, ಕಪಾಟಿನಾಗ ಇಟ್ಟೀರೋ?"

ಹೆಡ್‌ಮಿಸ್ಟ್ರೆಸ್ ಜ್ಯೋತ್ಸ್ನಾ ಮೇಡಂ ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದರು. ಅಷ್ಟರಲ್ಲಿ ಹೊರಗೆ ವರಾಂಡದಲ್ಲಿ ನಾಲ್ಕೂ ಮಂದಿ ಶಿಕ್ಷಕರು ಸೇರಿಯಾಗಿತ್ತು. ನಾಗವ್ವನ ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಫಿನಾಯಿಲಿನ ಡಬ್ಬಿ. ಆ ಡಬ್ಬಿಯನ್ನು ಅವಳು ಎಲ್ಲಿ ಮುಖಕ್ಕೆ ಎರಚಿಬಿಡುತ್ತಾಳೋ ಎಂದು ಮೇಡಂ ಮೇಜಿನ ಆಚೆಯೇ ನಿಂತು ಮಾತಾಡಿದರು.

"ಮಾರ್ಚ್ ತನಕ ಒಂದು ಹೆಸರು ಪುಸ್ತಕದಲ್ಲಿದ್ರೆ ನಿನ್ನ ಗಂಟೇನು ಹೋಗ್ತದೆ ಮಾರಾಯ್ತಿ? ಐದನೇ ಕ್ಲಾಸಿನಲ್ಲಿ ಇರುವುದೇ ಇಪ್ಪತ್ತು ಮಕ್ಕಳು. ಹತ್ತೊಂಬತ್ತು ಆದ ದಿವಸ ಕ್ಲಾಸು ಬಂದ್ ಮಾಡ್ಲಿಕ್ಕೆ ಸಂಘದವರು ಕಾಯ್ತಾ ಇದ್ದಾರೆ. ಮರೆಪ್ಪ ಮಾಸ್ಟ್ರು ಬೀದಿಗೆ ಬೀಳ್ತಾರೆ. ಅವರು ನಿಮ್ಮ ಕಡೆಯವರೇ ಅಲ್ವಾ? ಕ್ಲಾಸು ಒಂದು ಕಡಿಮೆ ಆದ್ರೆ ಮತ್ತೆ ಆಯಾ ಎಂತಕ್ಕೆ? ನೀನೂ ಬೀಳ್ತಿ. ಸತ್ತವರ ಹೆಸರು ಪುಸ್ತಕದಲ್ಲಿದ್ರೆ ಸತ್ತವರಿಗೇನು ಭಾರ ಆಗ್ತದಾ?"

"ನನಗ ಭಾರ ಆಗ್ತದರಿ."

"ಆಗ್ಲಿ. ಮೂರನೇ ಮಾಳಿಗೆಯ ಕಕ್ಕಸು ನಾರ್ತಾ ಉಂಟು. ಮೊದಲು ಅದನ್ನು ನೋಡು."

ನಾಗವ್ವ ಹೊರಗೆ ಬಂದಳು. ಶಿಕ್ಷಕರು ದಾರಿ ಬಿಟ್ಟರು. ಐದನೇ ತರಗತಿಯ ಮರೆಪ್ಪ ಮಾಸ್ತರ ಮಾತ್ರ ಗೋಡೆಗೆ ಅಂಟಿಕೊಂಡು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದ.

ಮುಂಬಯಿಯ ಆಂಟಾಪ್ ಹಿಲ್‌ನ ಆ ಕನ್ನಡ ಶಾಲೆಗೆ ಟ್ಯಾಬುಗಳೂ ಕುರ್ಚಿಗಳೂ ಬಂದದ್ದು ಆ ವರ್ಷದ ಜೂನ್ ತಿಂಗಳಲ್ಲಿ. ವಿಲೆ ಪಾರ್ಲೆಯ ಒಂದು ಸಂಸ್ಥೆಯಿಂದ ತಿಲಕ್ ಎಂಬ ಹುಡುಗ ಟೆಂಪೋ ತುಂಬ ಟ್ಯಾಬುಗಳನ್ನು ತಂದ. ಮಗುವಿಗೊಂದು ಟ್ಯಾಬು. ಅದರೊಳಗೆ ಪಾಠ ಹೇಳುವ ಒಂದು ಹಸಿರು ಗಿಣಿ. ತಿಲಕ್‌ನ ಅಪ್ಪ ಅಮ್ಮ ಉಡುಪಿ ಕಡೆಯವರು. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಬಾಯಲ್ಲಿ ಬಿಸಿ ಇಡ್ಲಿ ಇಟ್ಟುಕೊಂಡವನ ಹಾಗೆ ಒದ್ದಾಡುತ್ತಿದ್ದ. ಬೇರೆ ಶಾಲೆಗಳಿಗೆ ಹೀಗೇ ಟ್ಯಾಬು ಕೊಟ್ಟು ಅವು ಕಪಾಟಿನಲ್ಲಿ ಕೊಳೆತವಂತೆ. ಮಾಸ್ತರರಿಗೆ ಹೇಳಿದರೆ ಕೇಳುವುದಿಲ್ಲ, ಬೈದರೂ ಕೇಳುವುದಿಲ್ಲ. ಅದಕ್ಕೆ ಈ ಸಲ ಮನುಷ್ಯನ ಮನಸ್ಸು ಹೇಗೆ ಓಡುತ್ತದೆ ಎಂದು ಓದಿಕೊಂಡು ಬಂದಿದ್ದ.

ಒಬ್ಬೊಬ್ಬ ಶಿಕ್ಷಕರಿಗೂ ಒಂದೊಂದು ತಿರುಗುವ ಕುರ್ಚಿ ಕೊಟ್ಟ. ನೀಲಿ ಮೆತ್ತೆ, ಕೈ ಇಡಲು ಜಾಗ, ಬೆನ್ನ ಹಿಂದೆ ಅವರವರ ಹೆಸರಿನ ಪಟ್ಟಿ. "ಇದು ನಿಮ್ಮದೇ ಸರ್, ಗಿಫ್ಟ್. ಕೂತು ನೋಡಿ," ಅಂದ. ಕೂತರು. ಹಳೆಯ ಮರದ ಕುರ್ಚಿಗಳನ್ನು ಅದೇ ದಿನ ಶಾಲೆ ನಡೆಸುವ ಸಂಘದ ಅಧ್ಯಕ್ಷ ಕಾಂತಪ್ಪ ತನ್ನ ಗ್ರಾಂಟ್ ರೋಡಿನ ಹೋಟೆಲಿಗೆ ಸಾಗಿಸಿದರು. ಆಮೇಲೆ ತಿಲಕ್ ನಿಯಮ ಹೇಳಿದ. ವಾರಕ್ಕೆ ಇಂತಿಷ್ಟು ನಿಮಿಷ ಮಕ್ಕಳು ಟ್ಯಾಬಿನಲ್ಲಿ ಕಲಿಯಬೇಕು. ತಿಂಗಳ ಕೊನೆಗೆ ಯಾರ ತರಗತಿ ಹಿಂದೆ ಬೀಳುತ್ತದೋ ಅವರ ಕುರ್ಚಿ ವಾಪಸ್.

"ಪ್ರೈಜ್ ಕೊಡ್ತೇವೆ ಅಂದ್ರೆ ಜನ ಸ್ವಲ್ಪ ಓಡ್ತಾರೆ ಅಂಕಲ್," ಎಂದು ತಿಲಕ್ ಮೆಟ್ಟಿಲ ಮೇಲೆ ಕಾಂತಪ್ಪನವರಿಗೆ ವಿವರಿಸುತ್ತಿದ್ದ. "ಮೊದಲೇ ಕೊಟ್ಟು, ಆಮೇಲೆ ತೆಗೀತೇವೆ ಅಂದ್ರೆ ಡಬಲ್ ಓಡ್ತಾರೆ. ರಿಸರ್ಚ್ ಇದೆ."

"ಭಾರೀ ಒಳ್ಳೆ ಉಪಾಯ ಮಾರಾಯ. ನಮ್ಮ ವೇಟರುಗಳಿಗೂ ಮಾಡಿ ನೋಡ್ಬೇಕು," ಎಂದರು ಕಾಂತಪ್ಪ.

ನಾಗವ್ವ ಅದೇ ಮೆಟ್ಟಿಲು ಒರೆಸುತ್ತಿದ್ದಳು. ಇಬ್ಬರೂ ಅವಳು ಒರೆಸಿದ್ದನ್ನು ತುಳಿದುಕೊಂಡೇ ಇಳಿದು ಹೋದರು.

ವರಾಂಡದ ಗೋಡೆಗೆ ಒಂದು ಬೋರ್ಡು ಬಂತು. ಅದರ ಮೇಲೆ ನಾಲ್ವರು ಶಿಕ್ಷಕರ ಫೋಟೋ. ಪ್ರತಿ ಸೋಮವಾರ ಫೋಟೋದ ಪಕ್ಕ ಒಂದು ದುಂಡನೆಯ ಮುಖ ಅಂಟಿಸುತ್ತಿದ್ದರು. ನಗುವ ಹಸಿರು ಮುಖ, ಇಲ್ಲವೇ ಅಳುವ ಕೆಂಪು ಮುಖ. ಮಕ್ಕಳು ಒಳಗೆ ಬರುವಾಗ ಅದನ್ನು ನೋಡಿಯೇ ಬರುತ್ತಿದ್ದರು. ದಿನಾ ಬೆಳಿಗ್ಗೆ ಶಿಕ್ಷಕರ ಫೋನಿಗೆ ಸಂದೇಶ ಬೇರೆ: 'ನಿಮ್ಮಂಥ ಹತ್ತು ಶಿಕ್ಷಕರಲ್ಲಿ ಎಂಟು ಮಂದಿ ನಿನ್ನೆ ಗಿಣಿಯ ಜೊತೆ ಕಲಿಸಿದರು. ನೀವು?'

ಜೂನ್ ಕೊನೆಗೆ ಕೆಂಪು ಮುಖ ಬಿದ್ದದ್ದು ಮರೆಪ್ಪನಿಗೆ. ಅವನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು, ಗಂಟಲು ಹರಿದು ಪಾಠ ಹೇಳುವ ಮನುಷ್ಯ. ಹನ್ನೊಂದು ವರ್ಷದಿಂದ ಅದೇ ಶಾಲೆ, ಪ್ರತಿ ವರ್ಷ ಮಾರ್ಚಿಗೆ ಮುಗಿದು ಜೂನಿಗೆ ಹೊಸದಾಗಿ ಹುಟ್ಟುವ ಕಾಂಟ್ರಾಕ್ಟು. ಎಡಗಾಲಿನ ನರಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಗಂಟುಗಟ್ಟಿದ್ದವು.

ಕುರ್ಚಿ ಎತ್ತಿಕೊಂಡು ಬರಲು ಮೇಡಂ ಕಳಿಸಿದ್ದು ನಾಗವ್ವನನ್ನು. ಪಾಠದ ನಡುವೆಯೇ ಎತ್ತಬೇಕು, ಮಕ್ಕಳು ನೋಡಬೇಕು ಎಂದು ಮೇಡಂ ಹೇಳಿದ್ದರು.

"ಏಳ್ರಿ ಮಾಸ್ತರ," ಅಂದಳು ನಾಗವ್ವ.

ಮರೆಪ್ಪ ಎದ್ದ. ಅವಳು ಕುರ್ಚಿ ತಳ್ಳಿಕೊಂಡು ಹೋದಳು. ಅದರ ಒಂದು ಗಾಲಿ ಕಿರ್ ಅಂತ ಕಿರುಚಿತು. ಹಿಂದಿನ ಬೆಂಚಿನಿಂದ ಯಾರೋ "ಮಾಸ್ತರ್ ಫೇಲ್!" ಅಂದರು. ಇಡೀ ತರಗತಿ ನಕ್ಕಿತು. ಮೂರನೇ ಬೆಂಚಿನಲ್ಲಿದ್ದ ಶೀತಲ್ ಒಬ್ಬಳೇ ನಗಲಿಲ್ಲ. ಅವಳು ಅಜ್ಜಿಯನ್ನು ದುರುಗುಟ್ಟಿ ನೋಡುತ್ತಿದ್ದಳು.

ಆ ದಿನವಿಡೀ ಮರೆಪ್ಪ ನಿಂತೇ ಇದ್ದ. ಮಧ್ಯಾಹ್ನ ಊಟದ ಕೋಣೆಯಲ್ಲಿ ನೆಲಕ್ಕೆ ಕುಸಿದು ಕಾಲು ಚಾಚಿದ.

"ಊರಾಗ ಗೌಡನ ಕಟ್ಟಿ ಮುಂದ ನಮ್ಮಪ್ಪ ಜೀವನಪೂರ್ತಿ ನಿಂತಗೊಂಡೇ ಮಾತಾಡಿದ ನಾಗಕ್ಕ. ಕುಂದ್ರು ಅಂತ ಒಬ್ಬ ಬೋಳಿಮಗ ಅನ್ನಲಿಲ್ಲ. ನಾ ಕಲತು ಮಾಸ್ತರ ಆದೆ, ಕುರ್ಚಿ ಸಿಕ್ತು. ಈಗ ಆ ಹುಡುಗ ಅದ್ನೂ ಕಿತ್ಗೊಂಡ."

"ಹಲ್ಕಟ್ ನನ್ನ ಮಕ್ಕಳು," ಅಂದಳು ನಾಗವ್ವ. ಅವನ ಕಾಲಿಗೆ ಬಿಸಿನೀರಿನ ಬಟ್ಟೆ ಹಾಕಿದಳು.

ಬಟ್ಟೆ ಆರುವ ಮೊದಲೇ ಮರೆಪ್ಪ ಸಣ್ಣ ದನಿಯಲ್ಲಿ ಕೇಳಿದ. "ಒಂದ ಮಾತ ನಾಗಕ್ಕ. ಆ ಪೆಟ್ಟಿಗಿಗೋಳು ಅದಾವಲ್ಲ, ಅದರ ಮ್ಯಾಲ ಬೆರಳು ಇಡತಿದ್ರ ಸಾಕು, ನಿಮಿಷ ಬೀಳ್ತಾವು. ಯಾರ ಬೆರಳು ಅಂತ ಅದು ಕೇಳಂಗಿಲ್ಲ. ಹುಡುಗ್ರಿಗಿ ಪಾಠ ನಾ ಹೇಳ್ತೀನಿ. ಇದನ್ನ ನೀ ಒತ್ತು. ಕೈ ಮುಗೀತೀನಿ."

ಅವನ ಕಾಲು ನೋಡಿ ಅವಳು ಹೂಂ ಅಂದಳು.

ಒಂದು ವಾರದಲ್ಲಿ ಸುದ್ದಿ ಉಳಿದ ಮೂವರಿಗೂ ತಿಳಿಯಿತು. ಅವರು ಕೈ ಮುಗಿಯಲಿಲ್ಲ, ಹೇಳಿದರು ಅಷ್ಟೇ. ಸೋಮವಾರ ಐದನೇ ತರಗತಿ, ಮಂಗಳವಾರ ಆರು, ಬುಧವಾರ ಏಳು, ಗುರುವಾರ ಎಂಟು. ಊಟದ ಕೋಣೆಯ ನೆಲದ ಮೇಲೆ ಇಪ್ಪತ್ತು ಟ್ಯಾಬುಗಳನ್ನು ಹರವಿಕೊಂಡು ನಡುವೆ ಕೂತು ನಾಗವ್ವ ಎರಡೂ ಕೈಯಲ್ಲಿ ಒತ್ತುತ್ತಿದ್ದಳು. ಜೋಳದ ರೊಟ್ಟಿ ತಟ್ಟಿದ ಕೈ ಅದು, ವೇಗ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತನೆಯದನ್ನು ಮುಟ್ಟುವಷ್ಟರಲ್ಲಿ ಮೊದಲನೆಯದು ನಿದ್ದೆಗೆ ಜಾರುತ್ತಿತ್ತು, ಮತ್ತೆ ಅಲ್ಲಿಗೆ ಹೋಗಬೇಕು. ಇಪ್ಪತ್ತು ಗಿಣಿಗಳೂ ಒಟ್ಟಿಗೆ ಅರಚುತ್ತಿದ್ದವು. ಮೇಡಂ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. ಹೋಗುವಾಗ ಬಾಗಿಲು ಎಳೆದುಕೊಂಡು ಹೋದರು.

ನಾಲ್ಕೂ ಮುಖ ಹಸಿರಾದವು. ಮರೆಪ್ಪನ ಕುರ್ಚಿ ವಾಪಸ್ಸು ಬಂತು. ಟ್ಯಾಬುಗಳನ್ನು ಮಕ್ಕಳ ಕೈಗೆ ಕೊಟ್ಟರೆ ಒಡೆಯುತ್ತಾರೆ, ನಿಮಿಷವೂ ಕಡಿಮೆ ಬೀಳುತ್ತದೆ ಎಂದು ಅವನ್ನು ಮಕ್ಕಳಿಗೆ ಕೊಡುವುದೇ ನಿಂತಿತು.

ಜುಲೈಯಲ್ಲಿ ಶೀತಲ್‌ಗೆ ಜ್ವರ ಬಂತು. ನಾಗವ್ವನ ಮಗಳು ಲಕ್ಷ್ಮವ್ವನಿಗೆ ಅವಳೊಬ್ಬಳೇ ಕೂಸು. ಮೂರು ದಿನ ಮಳೆ, ಮೂರು ದಿನ ಜ್ವರ. ನಾಲ್ಕನೇ ದಿನ ಬೆಳಿಗ್ಗೆ ಎಲ್ಲ ಮುಗಿದಿತ್ತು. ಮರೆಪ್ಪ ಮಣ್ಣಿಗೆ ಬಂದಿದ್ದ, ಹಿಡಿ ಮಣ್ಣು ಹಾಕಿದ, ಅತ್ತ. ಶಾಲೆಗೆ ಒಂದು ದಿನದ ರಜೆ ಕೊಡೋಣ ಎಂದು ಕೇಳಿದ್ದಕ್ಕೆ ಮೇಡಂ, "ತಿಂಗಳ ಕೊನೆ ಮಾಸ್ಟ್ರೇ, ನಿಮಿಷ ಕಡಿಮೆ ಬೀಳ್ತದೆ," ಎಂದರಂತೆ.

ಹದಿಮೂರನೇ ದಿನಕ್ಕೆ ನಾಗವ್ವ ಕೆಲಸಕ್ಕೆ ಬಂದಳು. ಅವತ್ತು ಸೋಮವಾರ. ಟ್ಯಾಬುಗಳನ್ನು ಹರವಿದಳು. ಹದಿನೇಳನೇ ನಂಬರಿನದು ತೆರೆದುಕೊಂಡಾಗ ಶೀತಲ್‌ಳ ಫೋಟೋ. ಎರಡು ಜಡೆ, ಮುಂದಿನ ಹಲ್ಲೊಂದು ಅರ್ಧ. 'ಬಾ ಶೀತಲ್, ಇವತ್ತು ಏನು ಕಲಿಯೋಣ?' ಅಂದಿತು ಗಿಣಿ. ನಾಗವ್ವ ಅದನ್ನು ಬೋರಲು ಹಾಕಿದಳು.

ಮರೆಪ್ಪ ಬಾಗಿಲಲ್ಲಿ ನಿಂತಿದ್ದ. "ಅದ್ನೂ ಒತ್ತಬೇಕಾಗ್ತದ ನಾಗಕ್ಕ," ಅಂದ. "ಒಂದ ಕಡಿಮಿ ಆದ್ರ ಸರಾಸರಿ ಬೀಳ್ತದ."

ಅವಳು ಅವನ ಮುಖ ನೋಡಿದಳು. ಅವನು ಹೊರಟುಹೋದ. ಅವಳು ಹದಿನೇಳನ್ನು ಮೇಲಕ್ಕೆ ತಿರುವಿ, ಸೆರಗಿನಲ್ಲಿ ಗಾಜು ಒರೆಸಿ, ಒತ್ತಿದಳು.

ವಾರಕ್ಕೊಮ್ಮೆ ಒತ್ತಿದರೆ ಸಾಲದು. ಒಂದು ದಿನ ಮುಟ್ಟದಿದ್ದರೂ ಆ ಗಿಣಿ ಮನೆಯವರ ಫೋನಿಗೆ ಬಂದು ಅಳುತ್ತಿತ್ತು. ಸಂಜೆ ಐದಕ್ಕೆ ಸರಿಯಾಗಿ ನಾಗವ್ವನ ಮೊಬೈಲು ಮಾತಾಡುತ್ತಿತ್ತು: 'ಶೀತಲ್ ಇವತ್ತು ಬಂದಿಲ್ಲ. ಶೀತಲ್‌ಳ ಗಿಣಿ ಹಸಿದಿದೆ. ನಿಮ್ಮ ಓಣಿಯ ಹತ್ತು ಮಕ್ಕಳಲ್ಲಿ ಎಂಟು ಮಕ್ಕಳು ಇಂದು ಕಲಿತರು. ನಿಮ್ಮ ಮಗು ಹಿಂದೆ ಬೀಳದಿರಲಿ.' ಆ ಹೊತ್ತಿಗೆ ಲಕ್ಷ್ಮವ್ವ ಮನೆಗೆಲಸಗಳಿಂದ ಬಂದಿರುವುದಿಲ್ಲವೆಂದು ನಾಗವ್ವ ಹೇಗೋ ಸಂಭಾಳಿಸಿದ್ದಳು. ಸೆಪ್ಟೆಂಬರಿನ ಒಂದು ಸಂಜೆ ಲಕ್ಷ್ಮವ್ವ ಬೇಗ ಬಂದಳು. ಖೋಲಿಯ ಬಾಗಿಲಲ್ಲೇ ನಿಂತು ಇಡೀ ಸಂದೇಶ ಕೇಳಿಸಿಕೊಂಡಳು.

"ಅವ್ವಾ," ಅಂದಳು, "ಯಾರಿಗಿ ಹಸದೈತಿ?"

ನಾಗವ್ವ ಎಲ್ಲ ಹೇಳಿದಳು. ಲಕ್ಷ್ಮವ್ವ ಮೊಬೈಲು ಎತ್ತಿ ಬೋರಲು ಹಾಕಿದಳು. ಆಮೇಲೆ, "ನನ್ನ ಮಗಳ ಕಡೆ ಇನ್ನೂ ದುಡಿಸ್ಕೊಳ್ಳಾಕತ್ತಾರ. ನೀ ದುಡಿಸಾಕತ್ತೀದಿ," ಅಂದಳು. ಅವತ್ತು ಅವಳು ತಾಯಿ ಮಾಡಿದ ಅಡಿಗೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆಯೇ ನಾಗವ್ವ ಕಸಬರಿಗೆ ಸಮೇತ ಮೇಡಂ ಕೋಣೆಗೆ ನುಗ್ಗಿದ್ದು. ನುಗ್ಗಿ, ಮೂರನೇ ಮಾಳಿಗೆಯ ಕಕ್ಕಸಿಗೆ ಹೋದದ್ದು.

ಅಲ್ಲಿ ನೀರು ಹೊಯ್ದು ತಿಕ್ಕುತ್ತ ತಿಕ್ಕುತ್ತ ಅವಳ ಸಿಟ್ಟು ಆರಲಿಲ್ಲ. ಹೆಪ್ಪುಗಟ್ಟಿತು. ಆಗಲಿ ತಂಗಿ, ಎಂದು ಮನಸ್ಸಿನಲ್ಲೇ ಮೇಡಂಗೆ ಅಂದಳು. ನನ್ನ ಕೂಸಿನ ಹೆಸರು ಹೊಡೆಯುವುದಿಲ್ಲ ಅಂದೆಯಲ್ಲ. ಇರಲಿ. ಅದನ್ನು ಎಷ್ಟು ಎತ್ತರಕ್ಕೆ ಏರಿಸುತ್ತೇನೆ ನೋಡು, ಇಡೀ ಮುಂಬಯಿ ಕತ್ತೆತ್ತಿ ನೋಡಬೇಕು. ಆಗ ನೀನು ಎಲ್ಲಿಂದ ತಂದು ತೋರಿಸುತ್ತಿ, ಅದನ್ನು ನಾನೂ ನೋಡುತ್ತೇನೆ.

ಅಲ್ಲಿಂದಾಚೆ ಉಳಿದ ಟ್ಯಾಬುಗಳಿಗೆ ಎಷ್ಟು ಬೇಕೋ ಅಷ್ಟೇ ಒತ್ತಿದಳು. ಹದಿನೇಳನ್ನು ಮಾತ್ರ ಶಾಲೆ ಬಿಟ್ಟ ಮೇಲೆ, ಕಸ ಹೊಡೆದಾದ ಮೇಲೆ, ಶುಕ್ರವಾರ ಶನಿವಾರ ಎನ್ನದೆ ಮಡಿಲಲ್ಲಿಟ್ಟುಕೊಂಡು ಕೂತಳು. ಅವಳು ಹೆಬ್ಬೆಟ್ಟಿನವಳು. ಕಣ್ಣು ಮುಚ್ಚಿ ತಪ್ಪು ಒತ್ತಿ ಒತ್ತಿ ಅದು ಐದನೇ ತರಗತಿಯ ಪಾಠದಿಂದ ಇಳಿದು ಇಳಿದು ಒಂದನೇ ತರಗತಿಯ ಅಕ್ಷರಕ್ಕೆ ಬಂದು ನಿಂತಿತ್ತು. 'ಇದು ಗ. ಗ ಎಲ್ಲಿದೆ? ಮುಟ್ಟು.' ನಾಗವ್ವ ಈಗ ನೋಡಿ ಮುಟ್ಟತೊಡಗಿದಳು. ತಪ್ಪಾದರೆ ಗಿಣಿ ಬೈಯುತ್ತಿರಲಿಲ್ಲ. ಸರಿಯಾದರೆ 'ಶಹಬ್ಬಾಸ್ ಶೀತಲ್!' ಅನ್ನುತ್ತಿತ್ತು. ಆ ಮಾತು ಕೇಳಿದಾಗಲೆಲ್ಲ ಅವಳು, "ನಿನ್ನ ನಾಲಿಗಿ ಸೇದಿಹೋಗ್ಲಿ," ಎಂದು ಬೈದು ಮುಂದಿನದನ್ನು ಮುಟ್ಟುತ್ತಿದ್ದಳು. ದಸರೆಗೆ ಅಕ್ಷರ ಮುಗಿದವು. ದೀಪಾವಳಿಗೆ ಒತ್ತಕ್ಷರ. ಅಂಗಡಿಯ ಬೋರ್ಡುಗಳಲ್ಲಿ ಮರಾಠಿಯ ನಡುವೆ ಎಲ್ಲೋ ಒಂದು ಕನ್ನಡ ಬೋರ್ಡು ಕಂಡರೆ ಅವಳು ನಿಲ್ಲತೊಡಗಿದಳು. ಯಾರಿಗೂ ಹೇಳಲಿಲ್ಲ.

ಶಾಲೆಯಲ್ಲಿ ಯಾರೂ ಮಕ್ಕಳ ಪಟ್ಟಿ ತೆಗೆದು ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಗೋಡೆಯ ಮೇಲಿನ ಮುಖವನ್ನು. ಅದು ಹಸಿರಾಗಿದ್ದರೆ ಮುಗಿಯಿತು.

ಡಿಸೆಂಬರ್ ಮೊದಲ ವಾರ ತಿಲಕ್ ಫೋನು ಮಾಡಿದ. ಮೇಡಂ ಸ್ಪೀಕರ್ ಹಾಕಿಯೇ ಮಾತಾಡುವವರು. ನಾಗವ್ವ ಕಿಟಕಿ ಒರೆಸುತ್ತಿದ್ದಳು.

"ಮ್ಯಾಮ್, ಕಂಗ್ರಾಟ್ಸ್! ನಮ್ಮ ನಲವತ್ತೆರಡು ಸ್ಕೂಲಿನಲ್ಲಿ ನಂಬರ್ ಒನ್ ಪ್ರೋಗ್ರೆಸ್ ನಿಮ್ಮ ಮಗುವಿದ್ದು. ಲೆವೆಲ್ ಒನ್‌ನಿಂದ ಲೆವೆಲ್ ಫೈವ್, ಮೂರೇ ತಿಂಗಳಲ್ಲಿ! ಇನ್ನೂರು ಅವರ್ಸ್! ದಿಲ್ಲಿಯಿಂದ ಡೋನರ್ ಮ್ಯಾಮ್ ಬರ್ತಾರೆ, ಆ ಹುಡುಗಿಗೆ ಅವರ ಕೈಯಲ್ಲೇ ಪ್ರೈಜ್. ವಿಡಿಯೋ ಕೂಡ ಮಾಡ್ತೇವೆ. ಶೀತಲ್. ಐದನೇ ಕ್ಲಾಸ್."

ಮೇಡಂ ಮುಖದ ಬಣ್ಣ ಇಳಿದದ್ದನ್ನು ನಾಗವ್ವ ಕಿಟಕಿಯ ಗಾಜಿನಲ್ಲಿ ನೋಡಿದಳು. ಬಹಳ ದಿನಗಳ ಮೇಲೆ ಅವಳಿಗೆ ಹೊಟ್ಟೆ ತಣ್ಣಗಾಯಿತು.

ಫೋನಿಟ್ಟ ಮೇಡಂ ಮೊದಲು ಬಾಗಿಲು ಹಾಕಿದರು. "ನೀನು ಬೇಕಂತಲೇ ಮಾಡಿದ್ದಾ?"

"ನೀವ ಒತ್ತು ಅಂದ್ರಿ, ಒತ್ತೀನ್ರಿ. ಆಕಿ ಹೆಸರು ಇರಲಿ ಅಂದ್ರಿ, ಇಟ್ಟೀನ್ರಿ."

"ಇಷ್ಟು ಒತ್ತು ಅಂತ ಯಾರು ಹೇಳಿದ್ದು ನಿನಗೆ? ಮಂಡೆ ಸಮ ಉಂಟಾ?" ಮೇಡಂ ಕೋಣೆಯಲ್ಲಿ ಎರಡು ಸುತ್ತು ತಿರುಗಿದರು. ನಿಂತಾಗ ಅವರ ದನಿ ಮೆತ್ತಗಾಗಿತ್ತು. "ನೋಡು ನಾಗವ್ವ. ಆದದ್ದು ಆಯ್ತು. ಆರನೇ ಕ್ಲಾಸಿನ ಯಕ್ಷಿತಾ ಉಂಟಲ್ಲ, ಸಣ್ಣ ಹುಡುಗಿ, ಅದೇ ಎತ್ತರ. ಎರಡು ಜಡೆ ಹಾಕಿಸಿ ನಿಲ್ಲಿಸುವ. ಐದು ನಿಮಿಷದ ಕೆಲಸ. ನೀನು ಪಕ್ಕದಲ್ಲಿ ಅಜ್ಜಿ ಅಂತ ನಿಲ್ಲು, ನಗು, ಅಷ್ಟೇ. ಮಾರ್ಚ್‌ನಲ್ಲಿ ನಿನ್ನನ್ನು ಪರ್ಮನೆಂಟ್ ಮಾಡ್ಲಿಕ್ಕೆ ನಾನು ಅಧ್ಯಕ್ಷರಿಗೆ ಹೇಳ್ತೇನೆ."

ನಾಗವ್ವ ಒರೆಸುವ ಬಟ್ಟೆ ಹಿಂಡಿದಳು. "ಆತ್ರಿ ಮೇಡಂ," ಅಂದಳು.

ಒಂದು ವಾರ ತಾಲೀಮು ನಡೆಯಿತು. ಯಕ್ಷಿತಾಗೆ ಮೇಡಂ ತಾವೇ ಜಡೆ ಹಾಕಿದರು. ನಿನ್ನ ಹೆಸರೇನು ಅಂದರೆ ಶೀತಲ್ ಅನ್ನಬೇಕು. ಮರೆತು ಯಕ್ಷಿತಾ ಅಂದರೆ ಕಿವಿ ಹಿಂಡುತ್ತಿದ್ದರು. ನಾಲ್ಕನೇ ದಿನ ಆ ಹುಡುಗಿ ಊಟದ ಕೋಣೆಗೆ ಬಂದು ನಾಗವ್ವನ ಸೀರೆ ಹಿಡಿದು ನಿಂತಿತು.

"ಅಜ್ಜೀ, ನಾನು ಶೀತಲ್ ಆದ್ರೆ ನಾನೂ ಮರ್ ಜಾಊಂಗೀ ಕ್ಯಾ? ಸಾಯ್ತೇನಾ?"

ನಾಗವ್ವ ಅವಳ ಎರಡೂ ಜಡೆ ಬಿಚ್ಚಿ, ಕೂದಲು ನೀವಿ, ಒಂದೇ ಜಡೆ ಹೆಣೆದಳು. "ನೀ ಏನೂ ಆಗಂಗಿಲ್ಲವ್ವ. ಶನಿವಾರ ನೀ ಸಾಲಿಗಿ ಬರಬ್ಯಾಡ. ಹೊಟ್ಟಿ ಕಡಿತದ ಅಂತ ಮನ್ಯಾಗ ಮಲ್ಕೊ. ನಿಮ್ಮವ್ವಗ ನಾ ಹೇಳ್ತೀನಿ."

ಶನಿವಾರ ಬಂತು. ಶಾಲೆಯ ಹಾಲ್‌ನ ವೇದಿಕೆಯ ಮೇಲೆ ದಿಲ್ಲಿಯ ಮೇಡಂ, ಕಾಂತಪ್ಪ, ತಿಲಕ್. ಒಂದು ಪಕ್ಕದಲ್ಲಿ ನಾಲ್ಕು ಮಂದಿ ಶಿಕ್ಷಕರು ತಮ್ಮ ತಮ್ಮ ನೀಲಿ ಕುರ್ಚಿಗಳ ಮೇಲೆ. ಅತಿಥಿಗಳು ನೋಡಲೆಂದು ಒಬ್ಬೊಬ್ಬರ ಮಡಿಲಲ್ಲೂ ತರಗತಿಯ ಹಾಜರಿ ಪುಸ್ತಕ. ಕೆಳಗೆ ನೆಲದ ಮೇಲೆ ಮಕ್ಕಳು. ಜ್ಯೋತ್ಸ್ನಾ ಮೇಡಂ ಬಾಗಿಲ ಕಡೆಗೇ ನೋಡುತ್ತಿದ್ದರು. ಯಕ್ಷಿತಾಳ ಸುಳಿವಿಲ್ಲ.

ಗೋಡೆಯ ದೊಡ್ಡ ಪರದೆಯ ಮೇಲೆ ಹಲ್ಲು ಮುರಿದ ಶೀತಲ್ ನಕ್ಕಳು. ಮೈಕಿನಲ್ಲಿ ತಿಲಕ್ ಕೂಗಿದ: "ಶೀತಲ್! ಕಮ್ ಬೇಟಾ!"

ಯಾರೂ ಏಳಲಿಲ್ಲ. ಐದನೇ ತರಗತಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹಾಲಿನ ಕೊನೆಯಿಂದ ನಾಗವ್ವ ನಡೆದು ಬಂದಳು. ಕೈಯಲ್ಲಿ ಹದಿನೇಳನೇ ಟ್ಯಾಬು. ವೇದಿಕೆ ಹತ್ತಿದಳು. ತಿಲಕ್‌ನ ಕೈಯಿಂದ ಮೈಕು ತೆಗೆದುಕೊಂಡಳು. ಅಜ್ಜಿ ಇರಬೇಕು ಎಂದು ಅವನು ಕೊಟ್ಟುಬಿಟ್ಟ.

"ಶೀತಲ್ ನನ್ನ ಮಮ್ಮಗಳರಿ. ಆಷಾಢದಾಗ ಜ್ವರ ಬಂದು ಸತ್ತಾಳ. ಸತ್ತ ಮ್ಯಾಲ ಈ ಪೆಟ್ಟಿಗ್ಯಾಗ ಇನ್ನೂರ ತಾಸು ಓದ್ಯಾಳ. ಸತ್ತಾಕಿ ಹೆಂಗ ಓದಿದ್ಲು ಅಂತ ಇಲ್ಲಿ ಕುಂತಾರಲ್ಲ, ಇವ್ರನ್ನ ಕೇಳ್ರಿ. ಕುರ್ಚಿ ಮ್ಯಾಲ ಕುಂತಿಲ್ಲ ಇವ್ರು. ನನ್ನ ಬೆರಳ ಮ್ಯಾಲ ಕುಂತಾರ!"

ದಿಲ್ಲಿಯ ಮೇಡಂಗೆ ಕನ್ನಡ ಬರುತ್ತಿರಲಿಲ್ಲ. "ಕ್ಯಾ ಕಹ್ ರಹೀ ಹೈಂ?" ಎಂದು ನಗುಮುಖದಿಂದ ಕೇಳಿದರು.

ಸತ್ತಾಳ ಎಂಬ ಮಾತು ತಿಳಿಯದಷ್ಟು ಕಡಿಮೆಯೇನೂ ಇರಲಿಲ್ಲ ತಿಲಕ್‌ನ ಕನ್ನಡ. ಅವನ ಮುಖ ಸುಣ್ಣವಾಗಿತ್ತು. ದಿಲ್ಲಿಯ ಮೇಡಂ ಕಡೆ ತಿರುಗಿ ನಕ್ಕ. "ಗ್ರ್ಯಾಂಡ್‌ಮದರ್ ಹೈಂ, ಮ್ಯಾಮ್. ಬಚ್ಚೀ ಬೀಮಾರ್ ಹೈ, ಇಸ್ಲಿಯೇ ನಹೀಂ ಆಯೀ. ಆಪ್ ಕೋ ಥ್ಯಾಂಕ್ ಯೂ ಬೋಲ್ ರಹೀ ಹೈಂ."

ಮಗುವಿಗೆ ಹುಷಾರಿಲ್ಲ, ಅಜ್ಜಿ ಧನ್ಯವಾದ ಹೇಳುತ್ತಿದ್ದಾಳೆ ಎಂಬುದನ್ನು ಕೇಳಿ ದಿಲ್ಲಿಯ ಮೇಡಂ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಕಾಂತಪ್ಪ ತಟ್ಟಿದರು. ಕಾಂತಪ್ಪ ತಟ್ಟಿದ್ದಕ್ಕೆ ಮಾಸ್ತರರು ತಟ್ಟಿದರು. ಇಡೀ ಹಾಲು ಸತ್ತ ಕೂಸಿಗೆ ಚಪ್ಪಾಳೆ ಹೊಡೆಯಿತು.

ಇಪ್ಪತ್ತೆರಡು ವರ್ಷದಿಂದ ಮುಂಬಯಿಯ ನಲ್ಲಿಯ ಮುಂದೆ ಜಗಳವಾಡಿದ ಹೆಂಗಸಿಗೆ ಹಿಂದಿ ಬರುವುದಿಲ್ಲ ಎಂದು ಆ ಹುಡುಗ ಹೇಗೆ ತಿಳಿದುಕೊಂಡನೋ!

"ಬೀಮಾರ್ ನಹೀ!" ನಾಗವ್ವನ ದನಿಗೆ ಮೈಕು ಕಿರುಗುಟ್ಟಿತು. "ಝೂಟ್ ಬೋಲ್ತಾ ಹೈ ಯೇ ಭಾಡ್‌ಖಾವ್! ಮರ್ ಗಯೀ. ಜುಲೈ ಮೇ ಮರ್ ಗಯೀ ಮೇರೀ ಬಚ್ಚೀ. ಮೈ ದಬಾತೀ ಥೀ ಯೇ. ಮೈ! ಝಾಡೂವಾಲೀ!"

ಕೂಸು ಸತ್ತಿದೆ, ಒತ್ತಿದವಳು ಈ ಕಸ ಹೊಡೆಯುವವಳು ಎಂದು ತಿಳಿಯುತ್ತಲೇ ಚಪ್ಪಾಳೆ ಅರ್ಧಕ್ಕೇ ನಿಂತಿತು. ಜ್ಯೋತ್ಸ್ನಾ ಮೇಡಂ ಓಡಿ ಬಂದರು. "ಇವಳ ದಿಮಾಗ್ ಠೀಕ್ ನಹೀಂ ಮ್ಯಾಮ್, ಮೊಮ್ಮಗಳು ಊರಿಗೆ ಹೋಗಿದ್ದಾಳೆ," ಎಂದು ಎರಡು ಭಾಷೆಯಲ್ಲಿ ತೊದಲಿದರು.

ನಾಗವ್ವ ಮೈಕನ್ನು ನೆಲಕ್ಕೆ ಬಿಟ್ಟು ಮರೆಪ್ಪನ ಮುಂದೆ ನಿಂತಳು. ಕೈ ಚಾಚಿದಳು.

"ಹಾಜರಿ ಕೊಡ್ರಿ ಮಾಸ್ತರ."

"ಮಾಸ್ಟ್ರೇ!" ಎಂದರು ಮೇಡಂ. ಆ ಒಂದು ಮಾತಿನಲ್ಲಿ ಮುಂದಿನ ಜೂನ್ ಇತ್ತು, ಕಾಂಟ್ರಾಕ್ಟು ಇತ್ತು, ಬೀದಿ ಇತ್ತು. ಮರೆಪ್ಪ ತಲೆ ಎತ್ತಲಿಲ್ಲ. ಅವನ ಹಣೆಯಿಂದ ಬೆವರಿನ ಹನಿ ಪುಸ್ತಕದ ರಟ್ಟಿನ ಮೇಲೆ ಬಿತ್ತು. ಆಮೇಲೆ ಕುರ್ಚಿಯಿಂದ ಏಳದೆಯೇ ಪುಸ್ತಕವನ್ನು ಅವಳ ಕೈಗಿಟ್ಟ. ಜೇಬಿನ ಕೆಂಪು ಪೆನ್ನನ್ನೂ ಇಟ್ಟ.

ಅವಳು ಅದನ್ನು ದಿಲ್ಲಿಯ ಮೇಡಂ ಮುಂದಿನ ಮೇಜಿನ ಮೇಲೆ, ಹೂವಿನ ಗುಚ್ಛವನ್ನು ಸರಿಸಿ ತೆರೆದಳು. ಬೆರಳು ಹೆಸರುಗಳ ಮೇಲೆ ಇಳಿಯಿತು. ಯಾರನ್ನೂ ಕೇಳಲಿಲ್ಲ. 'ಶೀ' ಎಂಬಲ್ಲಿ ನಿಂತಿತು. ಜುಲೈ, ಆಗಸ್ಟ್, ಸೆಪ್ಟೆಂಬರ್... ಒಂದೊಂದು ಹಾಳೆಯನ್ನೂ ತಿರುವಿ ತೋರಿಸಿದಳು. ಉಳಿದ ಹತ್ತೊಂಬತ್ತು ಮಕ್ಕಳು ಒಂದೊಂದು ದಿನವಾದರೂ ತಪ್ಪಿಸಿದ್ದವು. ಸತ್ತ ಮೇಲೆ ಒಂದು ದಿನವೂ ತಪ್ಪಿಸದೆ ಬಂದವಳು ಇವಳೊಬ್ಬಳೇ.

"ದೇಖೋ. ಮರನೇ ಕೇ ಬಾದ್ ಏಕ್ ದಿನ್ ಛುಟ್ಟೀ ನಹೀ ಲಿಯಾ."

ಕೆಂಪು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಹೆಸರಿನ ಮೇಲೆ ಎಳೆದಳು. ಹಾಳೆ ಹರಿಯಿತು. ಮುಂದಿನ ಹಾಳೆಯಲ್ಲೂ ಎಳೆದಳು, ಅದರ ಮುಂದಿನದರಲ್ಲೂ. ಆಮೇಲೆ ನೆಲದ ಮೇಲೆ ಕೂತ ಮಕ್ಕಳ ಕಡೆ ತಿರುಗಿದಳು.

"ಮಕ್ಕಳ್ರಾ, ಈ ಗಿಣಿ ಪೆಟ್ಟಿಗಿ ನಿಮ್ಮ ಕೈಗಿ ಎಷ್ಟ ದಿನ ಕೊಟ್ಟಾರ?"

"ಕೊಟ್ಟಿಲ್ಲ ಅಜ್ಜೀ!" ಎಂದಿತು ಒಂದು. ಮುಟ್ಟಲೂ ಬಿಡುವುದಿಲ್ಲ ಎಂದು ಇನ್ನೊಂದು ಹಿಂದಿಯಲ್ಲಿ ಕೂಗಿತು: "ಹಾಥ್ ಭೀ ನಹೀಂ ಲಗಾನೇ ದೇತೇ!" ಆಮೇಲೆ ಎಲ್ಲವೂ ಸೇರಿ ಅದನ್ನೇ ಕೂಗತೊಡಗಿದವು. ಆರನೇ ತರಗತಿ, ಏಳನೇ ತರಗತಿ, ಎಂಟನೆಯದು. ಬಾಯಿ ಮುಚ್ಚಿ ಎಂದು ಮಾಸ್ತರರು ಎದ್ದು ನಿಂತರು. ದಿಲ್ಲಿಯ ಮೇಡಂ ಹರಿದ ಹಾಳೆಯನ್ನೇ ನೋಡುತ್ತಿದ್ದರು. "ಎಂಥದಾ ಇದು ಜ್ಯೋತ್ಸ್ನಾ?" ಎಂದು ಕಾಂತಪ್ಪ ಹಲ್ಲು ಕಡಿಯುತ್ತಿದ್ದರು.

ನಾಗವ್ವ ಟ್ಯಾಬನ್ನು ಜ್ಯೋತ್ಸ್ನಾ ಮೇಡಂ ಕೈಯಲ್ಲಿಟ್ಟಳು. "ಇನ್ನ ಮ್ಯಾಲ ನೀವ ಒತ್ಕೋರಿ," ಎಂದು ಮೆಟ್ಟಿಲಿಳಿದಳು.

ಗೇಟಿನ ಹತ್ತಿರ ಹಿಂದಿನಿಂದ ಓಡುವ ಹೆಜ್ಜೆ ಕೇಳಿಸಿತು. ತಿಲಕ್. ಏದುಸಿರು ಬಿಡುತ್ತಿದ್ದ. ಕ್ಷಮೆ ಕೇಳಲು ಬಂದನೇನೋ ಎಂದು ಅವಳು ನಿಂತಳು.

"ಆಂಟೀ, ಒಂದು ನಿಮಿಷ. ನೀವು ಆ ಹೆಸರು ನೀವೇ ಓದಿದ್ರಿ ಅಲ್ವಾ? ನಿಮಗೆ ಮೊದಲು ಓದ್ಲಿಕ್ಕೆ ಬರ್ತಿರ್ಲಿಲ್ಲ ಅಲ್ವಾ?" ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಅಂದ್ರೆ ಆ ಲೆವೆಲ್ ಒನ್ ಟು ಫೈವ್, ಅದು ನೀವೇ! ರಿಯಲ್ ಡೇಟಾ! ಆಂಟೀ, ಇದು ಬಹಳ ದೊಡ್ಡದು. ನಾವು ನಿಮ್ಮ ಮೇಲೆ ಒಂದು ಸ್ಟಡಿ ಮಾಡ್ಬಹುದು. ಎಲ್ಲ ಸ್ಕೂಲಿನ ಆಯಾಗಳಿಗೂ ಕೊಡ್ಬಹುದು. ಇದು ಕನ್ಸೆಂಟ್ ಫಾರ್ಮ್, ಪೇರೆಂಟ್ಸಿಗೆ ಅಂತ ಕನ್ನಡದಲ್ಲೇ ತಂದ ಒಪ್ಪಿಗೆ ಪತ್ರ. ಇಲ್ಲಿ ಒಂದು ಸೈನ್, ಇಲ್ಲಾಂದ್ರೆ ಹೆಬ್ಬೆಟ್ಟು ಆದ್ರೂ ಸಾಕು."

ನಾಗವ್ವ ಆ ಕಾಗದವನ್ನು ತೆಗೆದುಕೊಂಡಳು. ಮೇಲಿನ ಸಾಲನ್ನು ತುಟಿಯಾಡಿಸುತ್ತ ನಿಧಾನವಾಗಿ, ಒಂದೊಂದೇ ಅಕ್ಷರ ಓದಿದಳು. ಅವನು ಅವಳ ತುಟಿಯನ್ನೇ ನೋಡುತ್ತ, ಮೊಬೈಲನ್ನು ಮೆಲ್ಲಗೆ ಮೇಲೆತ್ತಿ ವಿಡಿಯೋ ಹಿಡಿಯತೊಡಗಿದ.

ಓದಿ ಮುಗಿಸಿ ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಅವನ ಅಂಗಿಯ ಜೇಬಿಗೆ ತುರುಕಿದಳು.

"ಹೋಗಿ ನಿಮ್ಮವ್ವನ ಹೆಬ್ಬೆಟ್ಟು ಒತ್ತಿಸ್ಕೊ," ಅಂದಳು. "ಆಕಿ ಬದಕಿದ್ರ ಒತ್ತತಾಳ. ಸತ್ತಿದ್ರ, ಬಂದು ನನ್ನ ಕೇಳು. ಹೆಂಗ ಒತ್ತಿಸೂದಂತ ಹೇಳ್ತೀನಿ."

ಅವನ ಕೈಯ ಮೊಬೈಲು ಇನ್ನೂ ಅವಳ ಕಡೆಗೇ ಇತ್ತು. ನಾಗವ್ವ ಗೇಟು ದಾಟಿದಳು. ಹಾಲಿನಲ್ಲಿ ಮಕ್ಕಳ ಕೂಗು ಇನ್ನೂ ನಿಂತಿರಲಿಲ್ಲ. ಎರಡನೇ ಮಾಳಿಗೆಯ ಕಿಟಕಿಯಿಂದ ಜ್ಯೋತ್ಸ್ನಾ ಮೇಡಂ ಅವಳ ಹೆಸರು ಹಿಡಿದು ಕರೆದರು. ಒಮ್ಮೆ ಬೈದು, ಇನ್ನೊಮ್ಮೆ ಅಕ್ಕಾ ಎಂದು. ರಸ್ತೆಯ ಆಚೆ ವಡಾಲಾ ಸ್ಟೇಷನ್ನಿಗೆ ಹೋಗುವ ಬಸ್ಸು ನಿಂತಿತ್ತು. ಅವಳು ಹತ್ತಿದಳು. ಬಸ್ಸು ಹೊರಟಿತು.